ಕೋಲ್ಕತ್ತದಲ್ಲಿ ಒಂದು ನಿರಾಮಿಷ ಭೋಜನ

2024ರ ಜನವರಿಯಲ್ಲಿ ನಾನೂ ನನ್ನ ಶ್ರೀಮತಿಯೂ ಸಮ್ಮೇದ ಶಿಖರ್ಜಿಯ ಯಾತ್ರೆಯನ್ನು ಮುಗಿಸಿಕೊಂಡು, ಪಾರಸನಾಥ ನಿಲ್ದಾಣದಲ್ಲಿ ರೈಲನ್ನೇರಿ ಹೌರಾದಲ್ಲಿ ಬಂದಿಳಿದೆವು. ಇಪ್ಪತ್ತು ಮಂದಿ ತೀರ್ಥಂಕರರು ಮುಕ್ತರಾದ ಆ ಪರ್ವತವನ್ನು ಏರಿ, ಟೊಂಕಗಳನ್ನೆಲ್ಲ ವಂದಿಸಿ, ಇಳಿದು ಬರುವಷ್ಟರಲ್ಲಿ ಸುಮಾರು 27 ಕಿಲೋಮೀಟರು ನಡೆದಂತಾಗುತ್ತದೆ. ಎಪ್ಪತ್ತನ್ನು ದಾಟಿದ ಕಾಲುಗಳು ಆ ಲೆಕ್ಕವನ್ನು ಮೂರು ದಿನ ಮರೆಯಲಿಲ್ಲ. ಮಗಳೂ ಅಳಿಯನೂ ಉದ್ಯೋಗದ ನಿಮಿತ್ತ ಕೋಲ್ಕತ್ತದಲ್ಲಿ ನೆಲೆಸಿರುವುದರಿಂದ ಅವರಲ್ಲಿ ಒಂದು ವಾರ ವಿಶ್ರಮಿಸಿ ಮರಳುವುದೆಂದು ನಿಶ್ಚಯವಾಗಿತ್ತು.

ಊರಿನಿಂದ ಹೊರಡುವ ಹಿಂದಿನ ದಿನ ನಾನೊಂದು ಕೆಲಸವನ್ನು ಪೂರೈಸಿ ಬಂದಿದ್ದೆ. ನಮ್ಮೂರ ಬಸದಿಯ ಭೋಜನಶಾಲೆಯ ಜೀರ್ಣೋದ್ಧಾರಕ್ಕೆ ನಾವು ಅಣ್ಣತಮ್ಮಂದಿರು ನಮ್ಮ ಸೋದರತ್ತೆಯವರ ಹೆಸರಿನಲ್ಲಿ ಒಂದಿಷ್ಟು ಹಣ ಕೊಟ್ಟಿದ್ದೆವು. ಬಾಗಿಲ ಬಳಿ ಇಡುವ ಶಿಲಾಫಲಕಕ್ಕೆ ಒಕ್ಕಣೆ ಬರೆದುಕೊಡಿರೆಂದು ಟ್ರಸ್ಟಿನ ಕಾರ್ಯದರ್ಶಿಗಳು ಕೇಳಿದ್ದರು. ಶಾಲಾ ಮಾಸ್ತರನಾಗಿದ್ದವನಿಗೆ ಅದೇನು ಕಷ್ಟ? ‘ಬಾಲವೈಧವ್ಯವನ್ನು ವ್ರತವಾಗಿ ಸ್ವೀಕರಿಸಿ, ಆಜೀವ ರಸತ್ಯಾಗಗೈದ ತ್ಯಾಗಮಯಿ’ ಎಂದು ಬರೆದು, ಕೆಳಗೆ ಹೆಸರನ್ನೂ ವರ್ಷಗಳನ್ನೂ ಸೇರಿಸಿ ಕೊಟ್ಟಿದ್ದೆ. ಈ ಫಲಕದ ಸಂಗತಿ ಮುಂದೆ ಮತ್ತೆ ಬರುತ್ತದೆ.

ಮಾಣಿಕ್‌ತಲಾ ಕಡೆಯಲ್ಲಿರುವ ಶೀತಲನಾಥ ಸ್ವಾಮಿಯ ಮಂದಿರವನ್ನು ನೋಡಿದೆವು. ರಾಯ್ ಬದರಿದಾಸರು 1867ರಲ್ಲಿ ಕಟ್ಟಿಸಿದ್ದು. ಗಾಜಿನ ಚೂರುಗಳ ಅಲಂಕಾರಕ್ಕೂ, ಅಂದಿನಿಂದ ಆರಿಲ್ಲವೆಂದು ಹೇಳುವ ದೀಪಕ್ಕೂ ಹೆಸರಾದುದು. ಅಲ್ಲಿಂದ ಮರಳುವಾಗ ಮಗಳು, “ಅಪ್ಪಯ್ಯ, ನಾಳೆ ಮಧ್ಯಾಹ್ನ ಹೊರಗೆ ಊಟಕ್ಕೆ ಹೋಗೋಣ. ಬಂಗಾಳಿ ಊಟ” ಎಂದಳು. ನಾನು ಒಪ್ಪಲಿಲ್ಲ. ಬಂಗಾಳವೆಂದರೆ ಮೀನು ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ಆಕೆ ಹೇಳಿದ್ದು ಇಷ್ಟು: ಅದೊಂದು ಹಳೆಯ ಮನೆ, ನಡೆಸುವವರು ಹೆಂಗಸು, ಪರಿಸರಕ್ಕೆ ಹಾನಿಯಾಗದಂತೆ ಅಡುಗೆ ಮಾಡಬೇಕೆಂಬ ಹಟದವರು, ಮೀನಿನ ಅಡುಗೆಯೂ ಅಲ್ಲಿ ಉಂಟು, ಆದರೆ ನಿರಾಮಿಷ ಅಡುಗೆಗೆ ಹಿಂದಿನವರ ಪದ್ಧತಿಯಂತೆ ಬೇರೆ ಅಡುಗೆಮನೆ, ಬೇರೆ ಪಾತ್ರೆ, ಬೇರೆ ಕೈ. ಶ್ರಾವಕನಾದವನು ಹೊರಗಿನ ಊಟದ ಸಮಾಚಾರವನ್ನು ಈ ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಕೆಲವರು ಕೇಳಿಯಾರು. ಅನುಕರಣೆಗೆಂದು ನಾನು ಇದನ್ನು ಬರೆಯುತ್ತಿಲ್ಲ.

ಮೊದಲಿಗೇ ಒಂದು ಎಚ್ಚರಿಕೆಯನ್ನು ಹೇಳಬೇಕು. ‘ನಿರಾಮಿಷ’ ಎಂಬ ಪದವನ್ನು ಬಂಗಾಳದಲ್ಲಿ ನಾವು ನಮ್ಮ ಅರ್ಥದಲ್ಲಿ ನಂಬುವಂತಿಲ್ಲ. ಕಾಳಿಗೆ ಬಲಿಯಾದ ಆಡಿನ ಮಾಂಸವನ್ನು ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆ ಬೇಯಿಸಿದರೆ ಅದನ್ನೂ ‘ನಿರಾಮಿಷ ಮಾಂಸ’ವೆಂದು ಕರೆಯುವುದುಂಟು! ಆದರೆ ಪಾಪದ ಮಸೂರ್ ಬೇಳೆ ಸಂಪ್ರದಾಯಸ್ಥರ ಲೆಕ್ಕದಲ್ಲಿ ಆಮಿಷದ ಸಾಲಿಗೆ ಸೇರಿದೆ. ಈ ವಿಚಿತ್ರವನ್ನು ಅಳಿಯನಿಂದ ಕೇಳಿ ತಿಳಿದ ನನ್ನ ಶ್ರೀಮತಿ, ಅಡುಗೆಮನೆಯನ್ನು ಕಣ್ಣಾರೆ ಕಾಣದೆ ಎಲೆಯ ಮುಂದೆ ಕೂರುವುದಿಲ್ಲವೆಂದು ಮೊದಲೇ ಸಾರಿಬಿಟ್ಟಳು.

ಆ ಒಡತಿ ಇದರಿಂದ ಬೇಸರಪಡಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು. ನಮ್ಮನ್ನು ತಾವೇ ಒಳಗೆ ಕರೆದೊಯ್ದು ಒಲೆ, ನೀರು, ಪಾತ್ರೆಗಳನ್ನೆಲ್ಲ ತೋರಿಸಿದರು. ಹಿಂದಿಯಲ್ಲಿ ಮಾತು ನಡೆಯಿತು. ಆಲೂಗಡ್ಡೆ ಬೇಡ, ಮೂಲಂಗಿ ಬೇಡ, ಗೆಣಸು ಬೇಡ, ಬದನೆಕಾಯಿ ಬೇಡ, ಹೂಕೋಸು ಬೇಡ ಎಂದು ಶ್ರೀಮತಿ ಪಟ್ಟಿಯನ್ನು ಒಪ್ಪಿಸಿದಳು. ಹಸಿ ಶುಂಠಿಯೂ ಕಂದಮೂಲವೇ ಎಂದಾಗ ಮಾತ್ರ ಆಕೆ ಒಂದು ಕ್ಷಣ ಯೋಚಿಸಿದರು. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಬಂಗಾಳದ ಅಡುಗೆ ಶುಂಠಿ, ಜೀರಿಗೆ, ಇಂಗುಗಳ ಮೇಲೆಯೇ ನಿಂತಿರುವುದಂತೆ. ಒಣ ಶುಂಠಿ ಆಗಬಹುದೆಂದಾಗ ನಕ್ಕು, ಮುಕ್ಕಾಲು ಗಂಟೆ ಕಾಯಬೇಕೆಂದರು.

ಅಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರಿಲ್ಲ. ಶಾಲವೃಕ್ಷದ ಎಲೆಗಳನ್ನು ಹೊಲಿದು ಮಾಡಿದ ಪತ್ರಾವಳಿ, ನಮ್ಮ ಮುತ್ತುಗದ ಎಲೆಯ ಊಟವನ್ನು ನೆನಪಿಸುವಂಥದು. ಮಣ್ಣಿನ ಲೋಟ. ಆಯಾ ಋತುವಿನಲ್ಲಿ ಸುತ್ತಲ ಜಿಲ್ಲೆಗಳಲ್ಲಿ ಬೆಳೆದುದನ್ನೇ ಬೇಯಿಸುವುದು. ಎಳೆ ಹಲಸಿನ ಗುಜ್ಜೆಯ ಅಡುಗೆ ಇಲ್ಲಿ ಬಹಳ ಚೆನ್ನಾಗಿರುವುದೆಂದು ಮಗಳು ಹೇಳಿದ್ದಳು; ಕೇಳಿದರೆ, ಅದಕ್ಕಿನ್ನೂ ಒಂದು ತಿಂಗಳಾಗಬೇಕು, ಈಗ ಇಲ್ಲವೆಂಬ ಉತ್ತರ ಬಂದಿತು. ಗಿರಾಕಿಗೆ ‘ಇಲ್ಲ’ವೆಂದು ಹೇಳುವ ಭೋಜನಗೃಹವನ್ನು ಕಂಡು ನನಗೆ ಗೌರವವುಂಟಾಯಿತು. ಆ ಗುಜ್ಜೆಗೆ ಅಲ್ಲಿನ ಜನ ‘ಮರದ ಆಡು’ ಎಂಬರ್ಥದ ಹೆಸರಿಟ್ಟಿದ್ದಾರೆ. ಕಡಲೆಬೇಳೆಯನ್ನು ರುಬ್ಬಿ, ಬಿಲ್ಲೆ ಮಾಡಿ, ರಸದಲ್ಲಿ ಬೇಯಿಸಿದ ಇನ್ನೊಂದು ಅಡುಗೆಯ ಹೆಸರು ‘ಧೋಕಾ’, ಎಂದರೆ ವಂಚನೆ. ಬೇಳೆಯ ಬಿಲ್ಲೆಗೆ ವಂಚನೆಯೆಂಬ ಹೆಸರೇಕೆ, ಅದು ಯಾವುದರ ವೇಷ ಹಾಕಿ ಯಾರನ್ನು ವಂಚಿಸಬೇಕಾಗಿತ್ತು ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿತು. ಉತ್ತರ ಊಟದ ಕೊನೆಗೆ ದೊರೆಯಿತು.

ಬಂಗಾಳದ ಊಟ ಕಹಿಯಿಂದ ಆರಂಭವಾಗುತ್ತದೆ. ಮೊದಲು ಬಂದುದು ಶುಕ್ತೊ: ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ, ಹುರಿದ ಸಂಡಿಗೆ, ಮೇಲೆ ಹಾಲಿನ ತೆಳು ರಸ, ಓಮವನ್ನು ಹೋಲುವ ‘ರಾಂಧುನಿ’ ಎಂಬ ಬೀಜದ ಪರಿಮಳ. ಮೊದಲ ತುತ್ತಿಗೆ ಮುಖ ಕಿವುಚಿದ ನನ್ನ ಶ್ರೀಮತಿ ನಾಲ್ಕನೆಯದಕ್ಕೆ ಮತ್ತಷ್ಟು ಕೇಳಿದಳು. ಬಳಿಕ ಬಾಳೆಹೂವಿನ ಪಲ್ಯ. ಎಸಳುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ಹೂವಿನೊಳಗಿನ ಗಟ್ಟಿ ಕಡ್ಡಿಯನ್ನು ಕಿತ್ತು, ಸಣ್ಣಗೆ ಹೆಚ್ಚಿ, ನೀರಿನಲ್ಲಿಟ್ಟು, ಮರುದಿನ ಬೇಯಿಸುವ ಅಡುಗೆಯದು. ಮಲೆನಾಡಿನವರಿಗೆ ಅದರ ಶ್ರಮವನ್ನು ವಿವರಿಸಬೇಕಾಗಿಲ್ಲ. ಬಾಳೆದಿಂಡು ಬಂದಿತು. ಅವರೆಕಾಯಿಗೆ ಗಸಗಸೆಯ ಮುದ್ದೆಯನ್ನು ಬೆರೆಸಿದ ‘ಪೊಸ್ತೊ’ ಬಂದಿತು. ಕೊನೆಗೆ ಸೋರೆಕಾಯಿಯ ಸಿಪ್ಪೆಯನ್ನು ಎಳೆಎಳೆಯಾಗಿ ಹೆಚ್ಚಿ, ಕಾಳುಜೀರಿಗೆಯ ಒಗ್ಗರಣೆಯಲ್ಲಿ ಹುರಿದುದು ಬಂದಿತು. “ಇದು ನಮ್ಮ ಹೀರೆಕಾಯಿ ಸಿಪ್ಪೆಯ ಚಟ್ನಿಯ ಅಕ್ಕನೇ ಅಲ್ಲವೇ!” ಎಂದು ಶ್ರೀಮತಿ ಉದ್ಗರಿಸಿದಳು. ಅಕ್ಕನೇನೋ ಸರಿ, ಆದರೆ ಆ ಸಿಪ್ಪೆಗೆ ಅಲ್ಲಿ ತೆತ್ತ ಬೆಲೆಗೆ ನಮ್ಮೂರ ಸಂತೆಯಲ್ಲಿ ಒಂದು ವಾರದ ತರಕಾರಿಯೇ ಬರುತ್ತಿತ್ತೆಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಊಟದ ನಡುವೆ ನನಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ನೆನಪಾಗುತ್ತಿತ್ತು. ಅನರ್ಥದಂಡಗಳನ್ನು ಎಣಿಸುವಾಗ ಆಚಾರ್ಯರು ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ನಿಷ್ಪ್ರಯೋಜಕವಾಗಿ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕಡಿಯುವುದು, ಇವೆಲ್ಲ ದೋಷವೇ. ಕೊಯ್ದ ಮೇಲೆ ಕಾಯಿಯ ಸಿಪ್ಪೆಯನ್ನೂ ಬಿಸಾಡದೆ ತಿನ್ನುವುದು ಆ ಮಾತಿಗೆ ಬಹಳ ಸಮೀಪದ ನಡತೆ. ಇಂದಿನವರು ಪರಿಸರಸ್ನೇಹಿ ಎಂದು ಹೊಸ ಹೆಸರಿನಲ್ಲಿ ಕರೆಯುವುದು ನಮ್ಮ ಶ್ರಾವಕಾಚಾರದಲ್ಲಿ ಮೊದಲೇ ಇತ್ತಲ್ಲ ಎಂಬ ಹೆಮ್ಮೆಯೊಂದು ಮನಸ್ಸಿನಲ್ಲಿ ಮೂಡುತ್ತಿತ್ತು. ಈ ಬಗೆಯ ಹೆಮ್ಮೆ ನಮಗೆ ಸುಲಭವಾಗಿ ಬರುತ್ತದೆ.

ಆ ನಾಡು ನಮಗೆ ಪರಕೀಯವೇನಲ್ಲ ಎಂಬ ಭಾವವೂ ಆ ಹೆಮ್ಮೆಗೆ ಸೇರಿಕೊಂಡಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಮಾಧಿ ಹೊಂದಿದರೆಂದು ನಾವು ನಂಬುವ ಭದ್ರಬಾಹು ಸ್ವಾಮಿಗಳ ಜನ್ಮಭೂಮಿ ಪುಂಡ್ರವರ್ಧನ, ಅಂದರೆ ಉತ್ತರ ಬಂಗಾಳವೆಂದು ನಮ್ಮ ಕಥಾಸಂಪ್ರದಾಯ ಹೇಳುತ್ತದೆ. ಪುರುಲಿಯಾ, ಬಾಂಕುರಾ ಜಿಲ್ಲೆಗಳ ಹಳ್ಳಿಗಳಲ್ಲಿ ‘ಸರಾಕ’ರೆಂಬ ಜನ ಇಂದಿಗೂ ಇದ್ದಾರೆ. ‘ಶ್ರಾವಕ’ ಶಬ್ದವೇ ಸವೆದು ಸರಾಕವಾಯಿತೆಂದು ವಿದ್ವಾಂಸರ ಮತ. ಸುತ್ತಮುತ್ತಲಿನವರೆಲ್ಲ ಮೀನುಣ್ಣುತ್ತಿದ್ದರೂ ಸರಾಕರು ತಲೆಮಾರುಗಳಿಂದ ಶಾಕಾಹಾರವನ್ನು ಕಾಪಾಡಿಕೊಂಡು ಬಂದರು. ಅಡುಗೆ ಮಾಡುವಾಗ ‘ಕಡಿ’ ಎಂಬರ್ಥದ ಪದವನ್ನು ಅವರ ಮನೆಗಳಲ್ಲಿ ಉಚ್ಚರಿಸುವಂತಿಲ್ಲ. ನಮ್ಮ ನುಡಿಯಲ್ಲಿಯೂ ತರಕಾರಿಯನ್ನು ಕಡಿಯುವುದಿಲ್ಲ, ಹೆಚ್ಚುತ್ತೇವೆ. ಬಳೆ ಒಡೆಯಿತೆನ್ನಬಾರದು, ಹೆಚ್ಚಿತೆನ್ನಬೇಕು ಎಂದು ನನ್ನ ಅಜ್ಜಿ ಗದರಿಸುತ್ತಿದ್ದರು. 1947ರಲ್ಲಿ ನಮ್ಮ ಅತ್ತೆಯ ಬಳೆಗಳನ್ನು ತೆಗೆದಾಗ ಅದಕ್ಕೆ ಯಾವ ಪದವನ್ನು ಬಳಸಿದರೋ ನಾನರಿಯೆ. ಆಗ ನಾನು ಹುಟ್ಟಿರಲಿಲ್ಲ.

ಊಟದ ಕೊನೆಗೆ ಗೋವಿಂದಭೋಗ್ ಎಂಬ ಸಣ್ಣ ಕಾಳಿನ ಪರಿಮಳದ ಅಕ್ಕಿಯ ಪಾಯಸ ಬಂದಿತು. ಚಳಿಗಾಲದಲ್ಲಿ ಮಾತ್ರ ಸಿಗುವ ಈಚಲಬೆಲ್ಲ ಅದರಲ್ಲಿತ್ತು. ಆ ಹೊತ್ತಿಗೆ ಒಡತಿ ನಮ್ಮ ಬಳಿ ಬಂದು ಕುಳಿತರು. ಈರುಳ್ಳಿಯ ವಾಸನೆಯೂ ಇಲ್ಲದೆ ಇಷ್ಟು ಬಗೆಯ ರುಚಿ ಹೇಗೆ ಬಂದಿತು, ಇದನ್ನೆಲ್ಲ ಕಂಡುಹಿಡಿದವರು ಯಾರು ಎಂದು ನಾನು ಮೆಚ್ಚುಗೆಯಿಂದಲೇ ಕೇಳಿದೆ.

“ವಿಧವೆಯರು” ಎಂದರು ಆಕೆ.

ಆಕೆಯ ಠಾಕುಮಾ, ಎಂದರೆ ತಂದೆಯ ತಾಯಿ, ದೇಶವಿಭಜನೆಯ ಸಮಯದಲ್ಲಿ ಪೂರ್ವ ಬಂಗಾಳದಿಂದ ಬಂದವರು. ಬರುವಾಗಲೇ ವಿಧವೆ. ಬಂಗಾಳದ ಮೇಲ್ಜಾತಿಯ ಹಿಂದೂ ಮನೆಗಳಲ್ಲಿ ವಿಧವೆಯಾದವಳಿಗೆ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಮಸೂರ್ ಬೇಳೆ ಎಲ್ಲವೂ ನಿಷಿದ್ಧ. ದಿನಕ್ಕೊಂದೇ ಅನ್ನದ ಊಟ. ಏಕಾದಶಿಯಂದು ನೀರೂ ಇಲ್ಲ. ದೇಹದ ಬಯಕೆಗಳನ್ನು ಕೆರಳಿಸುವ ಆಹಾರವನ್ನು ಕೊಡಬಾರದೆಂಬುದು ಇದಕ್ಕೆ ಕೊಡುತ್ತಿದ್ದ ಕಾರಣ. ಹತ್ತು ಹನ್ನೆರಡು ವರ್ಷದ ಬಾಲವಿಧವೆಯರಿಗೂ ಇದೇ ನಿಯಮ. ಆ ಅಜ್ಜಿ ಮನೆಮಂದಿಗೆಲ್ಲ ಮೀನಿನ ಅಡುಗೆ ಮಾಡುತ್ತಿದ್ದರಂತೆ. ರುಚಿ ನೋಡುವಂತಿಲ್ಲವಾದ್ದರಿಂದ ಉಪ್ಪು ಸರಿಯಾಗಿದೆಯೇ ಎಂಬುದನ್ನು ವಾಸನೆಯಿಂದಲೇ ಅರಿಯುತ್ತಿದ್ದರಂತೆ. ಆಮೇಲೆ ಸ್ನಾನ ಮಾಡಿ, ಮೂಲೆಯ ತಮ್ಮ ಒಲೆಯಲ್ಲಿ, ಇತರರು ಬೇಡವೆಂದು ಬಿಟ್ಟ ಸಿಪ್ಪೆ, ದಿಂಡು, ಹೂವುಗಳಿಂದ ತಮ್ಮದನ್ನು ಬೇಯಿಸಿಕೊಳ್ಳುತ್ತಿದ್ದರು. ಧೋಕಾದ ಬಿಲ್ಲೆಯನ್ನು ಮೀನಿನ ತುಂಡಿನ ಆಕಾರಕ್ಕೆ ಕೊಯ್ಯುತ್ತಿದ್ದರೆಂದೂ ಆಕೆ ಹೇಳಿದರು. “ಇಷ್ಟು ರುಚಿ ಹೇಗೆಂದು ಎಲ್ಲರೂ ಕೇಳುತ್ತಾರೆ. ಅವರಿಗೆ ಇಡೀ ಮಧ್ಯಾಹ್ನ ಬಿಡುವಿತ್ತು, ತಮ್ಮದೆನ್ನಲು ಬೇರೇನೂ ಇರಲಿಲ್ಲ ಎನ್ನುತ್ತೇನೆ. ಅದನ್ನು ಕೇಳಿದ ಮೇಲೆ ಕೆಲವರು ಪಾಯಸವನ್ನು ಮುಗಿಸುವುದಿಲ್ಲ” ಎಂದರು. ಆ ಮಾತಿನಲ್ಲಿ ಕಹಿಯಿರಲಿಲ್ಲ.

ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ ವಿಧವಾ ಪುನರ್ವಿವಾಹದ ಶಾಸನ ಬಂದುದು 1856ರಲ್ಲಿ. ಶಾಸನ ಪುಸ್ತಕದೊಳಕ್ಕೆ ಬಂದಿತು, ಅಡುಗೆಮನೆಯೊಳಕ್ಕೆ ಬರಲಿಲ್ಲ. 1995ರಲ್ಲಿ ಚಿತ್ರಿತಾ ಬ್ಯಾನರ್ಜಿಯವರು ಬಂಗಾಳದ ವಿಧವೆಯರು ಏನನ್ನು ತಿನ್ನುವಂತಿಲ್ಲವೆಂಬ ವಿಷಯದ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ಬರೆದರು. ಅಲ್ಲಿನ ಸುಶಿಕ್ಷಿತರಿಗೆ ಇದೆಲ್ಲ ತಿಳಿದ ವಿಷಯ. ನನಗೆ ಮಾತ್ರ ಹೊಸದು. ಹೊಸದೆಂದು ಹೇಳುವುದೂ ಪೂರ್ಣ ಸತ್ಯವಲ್ಲ.

ನಮ್ಮ ಅತ್ತೆ ಹತ್ತೊಂಬತ್ತನೆಯ ವಯಸ್ಸಿಗೆ ವಿಧವೆಯಾಗಿ ತವರಿಗೆ ಮರಳಿದರು. 1999ರಲ್ಲಿ ತೀರಿಕೊಳ್ಳುವವರೆಗೆ ನಮ್ಮ ಮನೆಯ ಅಡುಗೆ ಅವರದೇ. ಬಾಳೆಹೂವನ್ನು ಬಿಡಿಸುತ್ತಿದ್ದವರೂ ಅವರೇ, ಹೀರೆಕಾಯಿ ಸಿಪ್ಪೆಯನ್ನು ಎತ್ತಿಡುತ್ತಿದ್ದವರೂ ಅವರೇ. ನಮ್ಮ ಮನೆತನದಲ್ಲಿ ವಿಧವೆಗೆ ಮರುಮದುವೆಯ ಮಾತಿರಲಿಲ್ಲ. ಹೂವಿಲ್ಲ, ಬಣ್ಣದ ಸೀರೆಯಿಲ್ಲ, ಮಧ್ಯಾಹ್ನ ಎಲ್ಲರದೂ ಆದ ಮೇಲೆ ಒಂದೇ ಊಟ. ಇದಕ್ಕೆ ನಾವು ಏಕಭುಕ್ತವೆಂಬ ಒಳ್ಳೆಯ ಹೆಸರಿಟ್ಟಿದ್ದೆವು.

1960ರಲ್ಲಿ ಮನೆಯಲ್ಲಿ ಚಿಕ್ಕಪ್ಪನ ಮದುವೆ. ನನಗೆ ಎಂಟು ವರ್ಷ. ಬಸದಿಯ ಪಾಠಶಾಲೆಯಲ್ಲಿ ರಾತ್ರಿಭೋಜನದ ದೋಷಗಳನ್ನು ಆಗತಾನೇ ಬಾಯಿಪಾಠ ಮಾಡಿದ್ದೆ. ಮದುವೆಯ ಮುನ್ನಾದಿನ ಅತ್ತೆ ಬೆಳಗಿನಿಂದ ಒಲೆಯ ಮುಂದೆ ಕುಳಿತು ಕಾಯಿ ಹೋಳಿಗೆ ಬೇಯಿಸುತ್ತಲೇ ಇದ್ದರು. ಅಂದು ಅವರ ಮಧ್ಯಾಹ್ನದ ಊಟ ತಪ್ಪಿತ್ತೆಂಬುದು ಯಾರಿಗೂ ಹೊಳೆದಿರಲಿಲ್ಲ. ಕತ್ತಲಾದ ಮೇಲೆ ನಾನು ಹಿತ್ತಿಲಿಗೆ ಹೋದಾಗ ಅವರು ಒರಳಿನ ಪಕ್ಕದಲ್ಲಿ ಕುಳಿತು ಒಂದು ಹೋಳಿಗೆಯನ್ನು ಮುರಿದು ತಿನ್ನುತ್ತಿದ್ದರು. ನನ್ನನ್ನು ನೋಡಿ ಅರ್ಧವನ್ನು ಸೆರಗಿನೊಳಗೆ ಇಟ್ಟುಕೊಂಡರು. ನಾನು ಓಡಿ ನಡುಮನೆಗೆ ಬಂದು, ನೆಂಟರೆಲ್ಲ ಕುಳಿತಿರುವಾಗ, ಅತ್ತೆ ರಾತ್ರಿ ತಿನ್ನುತ್ತಿದ್ದಾರೆಂದು ಅಜ್ಜಿಗೆ ಹೇಳಿದೆ. ಒಬ್ಬ ಹಿರಿಯರು ನನ್ನ ಧರ್ಮಶ್ರದ್ಧೆಯನ್ನು ಕೊಂಡಾಡಿ ತಲೆ ಸವರಿದರು.

ಅಜ್ಜಿ ಬೈಯಲಿಲ್ಲ. “ನಾಲಿಗೆ ಹಿಡಿತದಲ್ಲಿರಬೇಕಮ್ಮ” ಎಂದರಷ್ಟೆ. ಮರುದಿನ ಅತ್ತೆಗೆ ಉಪವಾಸ. ಅದರ ಮರುದಿನ ಅವರು ಬಸದಿಗೆ ಹೋಗಿ ಬಂದು, ಸಿಹಿಯನ್ನು ಜೀವನಪರ್ಯಂತ ಬಿಟ್ಟಿರುವುದಾಗಿ ಹೇಳಿದರು. ಆ ಬಳಿಕವೂ ಪ್ರತಿ ಹಬ್ಬಕ್ಕೆ ಹೋಳಿಗೆ ಮಾಡಿದವರು ಅವರೇ. ನನ್ನ ಮೇಲೆ ಅವರು ಎಂದೂ ಸಿಟ್ಟಾಗಲಿಲ್ಲ. ಮೊದಲ ಹೋಳಿಗೆ ಯಾವಾಗಲೂ ನನ್ನ ಎಲೆಗೇ ಬೀಳುತ್ತಿತ್ತು. 1999ರ ಶ್ರದ್ಧಾಂಜಲಿ ಸಭೆಯಲ್ಲಿ ಮುಖ್ಯ ಭಾಷಣ ನನ್ನದು. ಮೂವತ್ತೊಂಬತ್ತು ವರ್ಷಗಳ ಅವರ ರಸತ್ಯಾಗವನ್ನು ನಾನು ವರ್ಣಿಸಿದಾಗ ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಆ ತ್ಯಾಗ ಯಾವ ಸಂಜೆ ಹುಟ್ಟಿತೆಂಬುದನ್ನು ನಾನು ಹೇಳಲಿಲ್ಲ.

ರತ್ನಕರಂಡಕವನ್ನು ನಾನು ಊಟದ ನಡುವೆ ಸ್ಮರಿಸಿದೆನಲ್ಲ, ಅದೇ ಗ್ರಂಥದಲ್ಲಿ ವ್ರತದ ಲಕ್ಷಣವೂ ಇದೆ. ಭೋಗಿಸಲು ಯೋಗ್ಯವಾದ ವಿಷಯದಿಂದ, ಸ್ವಂತ ಸಂಕಲ್ಪಪೂರ್ವಕವಾಗಿ ವಿರತನಾಗುವುದು ವ್ರತವೆಂದು ಆಚಾರ್ಯರ ಅಭಿಪ್ರಾಯ. ಸಂಕಲ್ಪವಿಲ್ಲದೆ ದೊರೆಯದೇ ಹೋದುದನ್ನು ಅವರು ವ್ರತವೆನ್ನುವುದಿಲ್ಲ. ಠಾಕುಮಾ ಮೀನನ್ನು ತಿನ್ನಲಿಲ್ಲ. ಅದರಿಂದ ಎಷ್ಟೋ ಜೀವಗಳು ಉಳಿದವು. ಜೈನನಾದ ನಾನು ಅದನ್ನು ಒಳಿತಲ್ಲವೆಂದು ಹೇಗೆ ಹೇಳಲಿ? ಆದರೆ ಮೀನಿನ ಪ್ರಾಣವನ್ನು ಉಳಿಸಿದ ಕಟ್ಟಳೆಯ ಉದ್ದೇಶ ಮೀನಿನ ಮೇಲಿನ ದಯೆಯಾಗಿರಲಿಲ್ಲ. ಅದು ಆ ಹೆಂಗಸನ್ನು ಒಣಗಿಸುವ ಉದ್ದೇಶದ್ದಾಗಿತ್ತು. ಹಿಂಸೆ ಕೃತವಷ್ಟೇ ಅಲ್ಲ, ಕಾರಿತವೂ ಅನುಮೋದಿತವೂ ಉಂಟೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಎಂಟನೆಯ ವಯಸ್ಸಿನಲ್ಲಿ ನಾನು ಮಾಡಿದ್ದನ್ನು ಬಾಲಬುದ್ಧಿಯೆಂದು ಬಿಡಬಹುದು. ನಲವತ್ತೇಳನೆಯ ವಯಸ್ಸಿನಲ್ಲಿ ಮೈಕಿನ ಮುಂದೆ ನಿಂತು ಮಾಡಿದ್ದು ಅನುಮೋದನೆ.

ಅತ್ತೆಯ ಕೊನೆಯ ದಿನಗಳ ಒಂದು ಸಂಗತಿ ನನ್ನನ್ನು ಕಾಡುತ್ತದೆ. ನಿಶ್ಶಕ್ತರಾಗಿ ಮಲಗಿದ್ದಾಗ ಶ್ರೀಮತಿ ಬೆಲ್ಲದ ನೀರನ್ನು ತುಟಿಗಿಟ್ಟು, “ಅತ್ತೆ, ಒಂದು ಗುಟುಕು” ಎಂದಳು. ಅವರು ಮುಖ ಪಕ್ಕಕ್ಕೆ ತಿರುಗಿಸಿ, “ಬೇಡ ಮಗಾ, ಅಭ್ಯಾಸ ತಪ್ಪಿಹೋಗಿದೆ” ಎಂದರು. ವ್ರತವೆಂಬ ಪದವನ್ನು ಅವರು ಬಳಸಲಿಲ್ಲ. ಅಷ್ಟು ವರ್ಷಗಳಲ್ಲಿ ಅದು ಅವರ ಸ್ವಂತದ್ದಾಗಿತ್ತೋ, ಬರಿಯ ಬತ್ತುವಿಕೆಯಾಗಿತ್ತೋ ನನಗೆ ತಿಳಿಯದು. ಕೇಳಬೇಕಾದ ಕಾಲದಲ್ಲಿ ಕೇಳಲಿಲ್ಲ.

ಪಾಯಸವನ್ನು ನಾನು ಮುಗಿಸಿದೆ. ಎಲೆಯಲ್ಲಿ ಬಿಡುವುದು ಇನ್ನೊಂದು ದೋಷವಾಗುತ್ತಿತ್ತು. ಆ ಸಂಜೆ ಮಗಳ ಮನೆಯಿಂದಲೇ ಕಾರ್ಯದರ್ಶಿಗಳಿಗೆ ದೂರವಾಣಿ ಮಾಡಿದೆ. ಕಲ್ಲುಕುಟಿಗ ಇನ್ನೂ ಕೆಲಸ ಆರಂಭಿಸಿರಲಿಲ್ಲ. ಹಳೆಯ ಒಕ್ಕಣೆಯನ್ನು ಹರಿದುಹಾಕಿ, ಹೆಸರು, ವರ್ಷಗಳು, ಕೆಳಗೆ ‘ತವರಿನ ಮನೆಯಲ್ಲಿ 52 ವರ್ಷ ಎಲ್ಲರಿಗೂ ಅಡುಗೆ ಮಾಡಿದರು’ ಎಂದು ಮಾತ್ರ ಕೆತ್ತಿಸಿರೆಂದೆ. ಅವರಿಗೆ ಸಮಾಧಾನವಾಗಲಿಲ್ಲ. “ಬೋಳಾಗಿ ಕಾಣುತ್ತದೆ ಮಾಸ್ತರೇ. ತ್ಯಾಗಮಯಿ ಎಂಬುದೊಂದಾದರೂ ಇರಲಿ, ದಾನಿಗಳ ಮನೆಗೂ ಶೋಭೆ” ಎಂದರು. ನನ್ನ ತಮ್ಮನೂ ಅವರ ಪಕ್ಷವೇ. ಅತ್ತೆಯನ್ನು ಅಡುಗೆಯವಳನ್ನಾಗಿ ಮಾಡಿಬಿಟ್ಟೆಯೆಂದು ಇಂದಿಗೂ ಅವನಿಗೆ ನನ್ನ ಮೇಲೆ ಮುನಿಸಿದೆ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಭೋಜನಶಾಲೆಯ ಉದ್ಘಾಟನೆಯ ದಿನ ಸಿಹಿ ಏನಿರಲಿ ಎಂದೂ ಕಾರ್ಯದರ್ಶಿಗಳು ಅಂದೇ ಕೇಳಿದ್ದರು. ಕಾಯಿ ಹೋಳಿಗೆ ಎಂದೆ. ಬೇಯಿಸುವ ಹೆಂಗಸರಿಗೆ ಮೊದಲ ಪಂಕ್ತಿಯಲ್ಲೇ, ಹೊತ್ತಿರುವಾಗಲೇ ಬಡಿಸಬೇಕೆಂದೂ ಹೇಳಿದೆ.